ಏಳನೇ ಜ್ಯೂರರ್ ತಿಂದ ಕೊಡುಬಳೆ

ಆಸ್ಟ್ರೇಲಿಯಾದ ಕೋರ್ಟಿನಲ್ಲಿ ಜಡ್ಜ್ ಕೈಯಲ್ಲಿ ಸುತ್ತಿಗೆ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಕೆಲಸ ಏನೆಂದು ಕೇಳಿದ ನಮ್ಮವರೆಲ್ಲ ಅದರ ಹಿಂದೆಯೇ ಕೇಳುತ್ತಿದ್ದ ಪ್ರಶ್ನೆ ಅದೊಂದೇ. “ಆರ್ಡರ್ ಆರ್ಡರ್ ಅಂತ ಕುಟ್ತಾರಾ ಆಂಟಿ?” ಕುಟ್ಟುವುದಿಲ್ಲ. ಜಡ್ಜ್ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ, ಇಡೀ ಕೋಣೆ ತೆಪ್ಪಗಾಗುತ್ತದೆ. ಹೀಗೆಂದರೆ ಕೇಳಿದವರ ಮುಖ ಬಾಡುತ್ತಿತ್ತು. ಸಿನಿಮಾ ನೋಡಿ ಕೆಟ್ಟುಹೋದ ಜನ, ಏನು ಮಾಡುವುದು.

ನಾನು ಫ್ಲೋರಿನ್. ಊರು ಮಂಗಳೂರಿನ ಹತ್ತಿರದ ಬಜಪೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್. ಮೊದಲು ಮೆಲ್ಬರ್ನ್, ಆಮೇಲೆ ಸಿಡ್ನಿ, ಈ ಎರಡು ಊರುಗಳ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ ಕಾಯುವ ಕೆಲಸ ಮಾಡಿ ಈಗ ಮನೆಯಲ್ಲಿ ಗಂಡನನ್ನು ಕಾಯುತ್ತಿದ್ದೇನೆ. ನಮ್ಮ ಚರ್ಚಿನ ಹುಡುಗಿ ಶರಲ್ ಮೊನ್ನೆ ಅದೇ ಕೆಲಸಕ್ಕೆ ಸೇರಿದಳು. “ಆಂಟಿ, ಟ್ರೈನಿಂಗಲ್ಲಿ ಎಲ್ಲ ಹೇಳಿದ್ದಾರೆ. ಅವರು ಹೇಳದ್ದನ್ನು ನೀವು ಹೇಳಿ” ಎಂದಳು. ಬಾಯಲ್ಲಿ ಹೇಳಿದರೆ ಈಗಿನ ಮಕ್ಕಳು ಫೋನ್ ನೋಡುತ್ತಾ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಿನಲ್ಲಿ ಜಡ್ಜೇ ಎಲ್ಲ. ಇಲ್ಲಿ ಹಾಗಲ್ಲ. ದೊಡ್ಡ ಅಪರಾಧದ ಕೇಸಾದರೆ ಊರಿನ ಹನ್ನೆರಡು ಜನ ಸಾಮಾನ್ಯರನ್ನು ಕರೆದು ಕೂರಿಸುತ್ತಾರೆ. ನರ್ಸು, ಪ್ಲಂಬರ್, ಮೇಷ್ಟ್ರು, ಯಾರೂ ಆಗಬಹುದು. ಅವರೇ ಜ್ಯೂರಿ. ಸಾಕ್ಷಿಗಳನ್ನೆಲ್ಲ ಕೇಳಿ, ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಚರ್ಚಿಸಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವುದು ಅವರ ಕೆಲಸ. ಕಾನೂನು ಏನೆಂದು ವಿವರಿಸುವುದು, ತಪ್ಪಿತಸ್ಥನಾದರೆ ಶಿಕ್ಷೆ ಹಾಕುವುದು ಜಡ್ಜ್ ಕೆಲಸ. ಆ ಹನ್ನೆರಡು ಜನರನ್ನು ಒಳಗೆ ಕರೆತರುವುದು, ಹೊರಗೆ ಕರೆದೊಯ್ಯುವುದು, ಹೊರಗಿನ ಒಂದು ನರಪಿಳ್ಳೆಯೂ ಅವರ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬರಿಗೆ ಚಳಿ, ಒಬ್ಬರಿಗೆ ಸೆಕೆ, ಇಬ್ಬರಿಗೆ ಜಗಳ, ಒಬ್ಬರಿಗೆ ಸದಾ ಬಾತ್‌ರೂಮ್. ದೊಡ್ಡವರ ಅಂಗನವಾಡಿ ಅಂತ ತಿಳಿಯಿರಿ.

ಮೊದಲ ದಿನದ ಮರ್ಯಾದೆ ಹೇಗೆ ಹೋಯಿತೆಂದು ಹೇಳುತ್ತೇನೆ. ಮೆಲ್ಬರ್ನಿನಲ್ಲಿ ನನ್ನ ಮೇಲಿನವನು ಕೆವಿನ್ ಎಂಬ ಉದ್ದ ಮೂಗಿನ ಹಿರಿಯ. ಕೋರ್ಟಿನ ಒಳಗೆ ಕಾಲಿಡುವಾಗ ಜಡ್ಜ್ ಪೀಠದ ಮೇಲಿನ ಲಾಂಛನಕ್ಕೆ ತಲೆಬಾಗಬೇಕು, ಅಷ್ಟು ಮಾಡು ಸಾಕು ಎಂದಿದ್ದ. ಒಳಗೆ ಹೋದೆ. ಎತ್ತರದ ಪೀಠ, ಸಾಲು ಮರದ ಬೆಂಚು, ನಿಲುವಂಗಿ ತೊಟ್ಟವರು, ಎಲ್ಲರೂ ಮೌನ. ಇಂಥದ್ದನ್ನು ನೋಡಿದರೆ ನಮ್ಮಂಥವರ ಮೊಣಕಾಲು ಅಪ್ಪಣೆ ಕೇಳುವುದಿಲ್ಲ. ಅದು ತಾನಾಗಿ ಮಡಚಿತು, ಕೈ ಹಣೆಗೆ ಹೋಯಿತು, ಎದೆಗೆ ಬಂತು, ಎರಡು ಭುಜ ಮುಟ್ಟಿತು. ಕಟಕಟೆಯಲ್ಲಿದ್ದ ಇಟಾಲಿಯನ್ ಮುದುಕ ಇದೂ ಕಲಾಪದ ಭಾಗ ಅಂದುಕೊಂಡು ತಾನೂ ಎದ್ದು ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಕೆವಿನ್ ನನ್ನನ್ನು ಮೂಲೆಗೆ ಕರೆದ. “ಫ್ಲೋರಿನ್, ಇದು ಚರ್ಚ್ ಅಲ್ಲ. ಇಲ್ಲಿ ಪಾಪ ನಿವೇದನೆ ಮಾಡಿದರೆ ಒಳಗೆ ಹಾಕುತ್ತಾರೆ.”

ಅವನಿಂದ ಕಲಿತದ್ದರಲ್ಲಿ ನಾನು ಕೊನೆಯವರೆಗೂ ಬಿಡದೆ ಹಿಡಿದುಕೊಂಡದ್ದು ಒಂದೇ ಮಾತು. ಜ್ಯೂರಿಯ ವಿಷಯದಲ್ಲಿ ವಿಚಿತ್ರವಾದದ್ದು ಏನು ಕಂಡರೂ ಕಂಡ ಕೂಡಲೇ ಜಡ್ಜ್‌ಗೆ ತಿಳಿಸು, ನಾಳೆ ನೋಡೋಣ ಅನ್ನಬೇಡ. ಇದು ಯಾಕೆ ಮನಸ್ಸಿನಲ್ಲಿ ಕೂತಿತು ಎಂದರೆ ಒಬ್ಬ ಬೆಂಗಳೂರು ಹುಡುಗನಿಂದ. ಐಟಿಯವನು, ಹೊಸದಾಗಿ ಇಲ್ಲಿನ ಪೌರತ್ವ ಸಿಕ್ಕಿತ್ತು, ಸಿಕ್ಕ ಕೂಡಲೇ ಜ್ಯೂರಿಗೆ ಕರೆ ಬಂದಿತ್ತು. ಮೆಲ್ಬರ್ನ್ ಅಂಚಿನ ಡ್ಯಾಂಡಿನಾಂಗ್ ಕಡೆ ಒಂದು ಲಾರಿ ಹರಿದು ಒಬ್ಬರು ಸತ್ತ ಕೇಸು. ಜ್ಯೂರಿಯವರು ಕೋರ್ಟಿನಲ್ಲಿ ಕೇಳಿದ್ದನ್ನು ಬಿಟ್ಟು ಬೇರೇನನ್ನೂ ಹುಡುಕಬಾರದು ಅಂತ ಜಡ್ಜ್ ಬಾಯಿ ಒಣಗುವಷ್ಟು ಹೇಳಿದ್ದರು. ಈ ಪುಣ್ಯಾತ್ಮ ಭಾನುವಾರ ರೈಲು ಹತ್ತಿ ಆ ರಸ್ತೆಗೇ ಹೋಗಿ, ಅಳತೆ ಹಿಡಿದು, ಬಣ್ಣಬಣ್ಣದ ಚಾರ್ಟ್ ಮಾಡಿ ಜ್ಯೂರಿ ಕೋಣೆಯ ಗೋಡೆಗೆ ಅಂಟಿಸಿದ. “ಡೇಟಾ ಇಲ್ದೆ ಡಿಸಿಶನ್ ಹೇಗೆ ತಗೊಳೋದು ಆಂಟಿ?” ಅಂತ ನನ್ನನ್ನೇ ಕೇಳಿದ.

ಚಾರ್ಟನ್ನು ಮೊದಲು ಕಂಡದ್ದು ನಾನಲ್ಲ, ಇನ್ನೊಬ್ಬ ಆಫೀಸರ್. ಅವನು ಹೋಗಲಿ ಬಿಡು ಎಂದು ಸುಮ್ಮನಿದ್ದ. ವಿಚಾರಣೆ ಮುಗಿಯುವ ಹೊತ್ತಿಗೆ ವಿಷಯ ಹೊರಗೆ ಬಿತ್ತು. ಅಷ್ಟರಲ್ಲಿ ಹನ್ನೆರಡೂ ಜನ ಆ ಚಾರ್ಟ್ ನೋಡಿ ತಲೆಯಾಡಿಸಿ ಆಗಿತ್ತು. ಜಡ್ಜ್ ಇಡೀ ಜ್ಯೂರಿಯನ್ನು ಮನೆಗೆ ಕಳಿಸಿದರು. ಹಾಗಾದರೆ ಮತ್ತೆ ಹೊಸ ಜ್ಯೂರಿ, ಮತ್ತೆ ಮೊದಲಿನಿಂದ ಎಲ್ಲ. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಗ್ರೀಕ್ ಅಜ್ಜಿ ಒಬ್ಬರು ಸಾಕ್ಷಿ ಹೇಳಿ ಮುಗಿಸಿದ್ದರು. ಅದನ್ನೆಲ್ಲ ಇನ್ನೊಮ್ಮೆ ಹೇಳಬೇಕು ಎಂದಾಗ ಆಕೆ ಕಾರಿಡಾರಿನಲ್ಲಿ ಗೋಡೆ ಹಿಡಿದು ಕೂತುಬಿಟ್ಟರು. ನಾನು ನೀರು ಕೊಟ್ಟೆ, ಆಕೆ ಕುಡಿಯಲಿಲ್ಲ. ಆ ಮುಖವನ್ನು ನಾನು ಸಿಡ್ನಿಗೂ ಹೊತ್ತುಕೊಂಡು ಬಂದೆ.

ಸಿಡ್ನಿಗೆ ಬಂದದ್ದು ಗಂಡನ ಫ್ಯಾಕ್ಟರಿ ಮುಚ್ಚಿದ್ದರಿಂದ. ಅಲ್ಲಿಗೂ ಇಲ್ಲಿಗೂ ನಿಯಮ ಸ್ವಲ್ಪ ಬೇರೆ, ತಲೆನೋವು ಒಂದೇ. ನಾನು ಸೇರಿದಾಗ ಎಲ್ಲ ಕಾಗದದ ಕಟ್ಟು, ಟ್ರಾಲಿಯಲ್ಲಿ ತಳ್ಳಿ ತಳ್ಳಿ ಸೊಂಟ ಹೋಯಿತು. ಈಗ ಎಲ್ಲ ಪರದೆಯ ಮೇಲೆ. ಕೊರೋನಾ ಬಂದ ಮೇಲಂತೂ ಸಾಕ್ಷಿಗಳು ಮನೆಯಿಂದಲೇ ವಿಡಿಯೋದಲ್ಲಿ ಮಾತಾಡಲು ಶುರು ಮಾಡಿದರು. ಮೈಸೂರಿನಿಂದ ಒಬ್ಬ ಹೆಂಗಸು ಸಾಕ್ಷಿ ಹೇಳುತ್ತಿರುವಾಗ ಕುಕ್ಕರ್ ಕೂಗಿತು. ಜಡ್ಜ್ ಗಾಬರಿಯಾಗಿ, ಬೆಂಕಿಯ ಅಲಾರಮ್ಮೇ, ಹೊರಗೆ ಹೋಗಿ ಎಂದರು. ಆಕೆ “ಇನ್ನೊಂದು ವಿಶಲ್ ಆಗ್ಲಿ ಸರ್” ಎಂದರು.

ಈಗ ಮಂಜುನಾಥನ ಕೇಸಿಗೆ ಬರುತ್ತೇನೆ. ನಮ್ಮವರ ಕೇಸು ಅಂತ ನನ್ನ ಕೋಣೆಗೆ ಬಂದದ್ದು ಅದೊಂದೇ.

ಮಂಜುನಾಥ ತುಮಕೂರು ಕಡೆಯವನು. ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಸಣ್ಣ ಹೋಟೆಲು, ಜೊತೆಗೆ ಸಮಾರಂಭಗಳಿಗೆ ಅಡುಗೆ. ನಾನಿರುವುದು ಊರಿನ ಇನ್ನೊಂದು ಮೂಲೆಯಲ್ಲಿ, ಅವನ ಹೋಟೆಲಿನ ಬಾಗಿಲು ಕೂಡ ಕಂಡವಳಲ್ಲ. ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯ ಒಂದು ಸಭಾಂಗಣದಲ್ಲಿ ಯುಗಾದಿ ಊಟ. ಇನ್ನೇನು ಎಲೆ ಹಾಕಬೇಕು ಅನ್ನುವಾಗ ಕಮಿಟಿಯ ಸೋಮಶೇಖರ್ ಎಂಬುವರು ಅಡುಗೆಮನೆಗೆ ನುಗ್ಗಿ, ಮುಂದಿನ ಸಾಲಿನ ಗಣ್ಯರಿಗೆ ಹೋಳಿಗೆ ಮೊದಲೇ ತೆಗೆದಿಡು ಎಂದರು. ಮಂಜುನಾಥ, ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ, ಭೇದ ಮಾಡಲ್ಲ ಎಂದ. ಮಾತಿಗೆ ಮಾತು ಬೆಳೆಯಿತು, ಕೈ ಕೈ ಹತ್ತಿತು, ಕೊನೆಗೆ ಮಂಜುನಾಥನ ಕೈಯಲ್ಲಿದ್ದ ದೊಡ್ಡ ಸೌಟು ಬೀಸಿ ಸೋಮಶೇಖರ್ ಮುಂಗೈ ಮೂಳೆ ಮುರಿಯಿತು.

ಸಿಟ್ಟಿನಲ್ಲಿ ಹಿಂದೆಮುಂದೆ ನೋಡದೆ ಹೊಡೆದ ಎಂದು ಸರ್ಕಾರಿ ವಕೀಲರ ವಾದ. ಸೋಮಶೇಖರ್ ಕೊರಳಪಟ್ಟಿ ಹಿಡಿದು ತಳ್ಳಿದರು, ಬೆನ್ನ ಹಿಂದೆ ಬೋಂಡದ ಎಣ್ಣೆ ಕುದಿಯುತ್ತಿತ್ತು, ಬಾಣಲೆಗೆ ಬೀಳದಿರಲು ಸೌಟು ಬೀಸಿದ ಎಂದು ಅವನ ಪರ ವಕೀಲರ ವಾದ. ತಪ್ಪಿತಸ್ಥ ಎಂದಾದರೆ ಜೈಲು. ಅವನಿಗಿದ್ದದ್ದು ಪಿಆರ್, ಅಂದರೆ ಕಾಯಂ ವಾಸದ ವೀಸಾ ಮಾತ್ರ, ಪೌರತ್ವವಲ್ಲ. ವರ್ಷಕ್ಕೆ ಕಡಿಮೆಯಿಲ್ಲದ ಜೈಲಾದರೆ ವೀಸಾ ರದ್ದು, ಸೀದಾ ವಿಮಾನ. ಹೆಂಡತಿ, ಹೈಸ್ಕೂಲಿನ ಮಗಳು, ಹೋಟೆಲು ಎಲ್ಲ ಇಲ್ಲಿ. ಹೋಳಿಗೆಯಿಂದ ಶುರುವಾದ ಜಗಳ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಮೊದಲ ದಿನ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಆರೋಪ ಓದಿದರು. ಜ್ಯೂರಿಗೆ ಕರೆಸಿದ ಜನವೆಲ್ಲ ಹಿಂದೆ ಕೂತಿದ್ದಾರೆ. ತಪ್ಪು ಒಪ್ಪುತ್ತೀಯೋ ಇಲ್ಲವೋ ಎಂದು ಕೇಳಿದರೆ ಈ ಮಹಾರಾಯ, “ನಾಟ್ ಗಿಲ್ಟಿ, ಸಾರಿ” ಎಂದ.

ಜಡ್ಜ್ ಒಬ್ಬ ಬೆಳ್ಳಿ ಕೂದಲಿನ ಹೆಂಗಸು. ಕನ್ನಡಕದ ಮೇಲಿಂದ ನೋಡಿದರು. “ಸಾರಿ ಯಾಕೆ?”

“ನಿಮಗೆಲ್ಲ ತೊಂದರೆ ಆಯಿತಲ್ಲ ಮೇಡಂ, ಅದಕ್ಕೆ.”

ಅವನ ವಕೀಲರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಜ್ಯೂರಿ ಆಯ್ಕೆ. ಪೆಟ್ಟಿಗೆಯಿಂದ ನಂಬರ್ ಎತ್ತುತ್ತಾರೆ. ಹೆಸರು ಯಾರಿಗೂ ಹೇಳುವುದಿಲ್ಲ, ಜ್ಯೂರರ್ ಅಂದರೆ ಒಂದು ನಂಬರ್ ಅಷ್ಟೇ. ಎರಡೂ ಕಡೆಯವರು ಕಾರಣ ಕೊಡದೆ ಕೆಲವರನ್ನು ಬೇಡ ಅನ್ನಬಹುದು. ಮಂಜುನಾಥನ ವಕೀಲರು, ಕೈಯಲ್ಲಿ ಹಸಿರು ರಸದ ಬಾಟಲಿ ಹಿಡಿದು ಬಂದ ಕಡ್ಡಿಯಂಥ ಹೆಂಗಸನ್ನು ಕಂಡ ಕೂಡಲೇ ಬೇಡ ಎಂದರು. ಅಡುಗೆಯವನ ಕೇಸಿಗೆ ಊಟ ಬಿಟ್ಟವರು ಆಗಲಿಕ್ಕಿಲ್ಲ ಅಂತ ಇರಬೇಕು. ಏಳನೆಯವನಾಗಿ ಬಂದು ಕೂತದ್ದು ಬಿಳಿ ಮೀಸೆಯ ನಿವೃತ್ತ ಲಾರಿ ಡ್ರೈವರ್. ಕೂತ ತಕ್ಷಣ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಪಕ್ಕದವರಿಗೆ ಹಂಚಿದ. ಈ ಮನುಷ್ಯನ ಬಾಯಿಯಿಂದ ನನಗೆ ಕೆಲಸ ಬೀಳುತ್ತದೆ ಅಂತ ಅವತ್ತೇ ಅಂದುಕೊಂಡೆ.

ಕೋರ್ಟಿನ ಮುದ್ದೆಮಾಲು ಆ ಸೌಟು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ, ಜ್ಯೂರಿಯವರ ಕೈಯಿಂದ ಕೈಗೆ ದಾಟಿಸಿದರು. ಸರ್ಕಾರಿ ವಕೀಲರು ಅದನ್ನು ಎರಡೂ ಕೈಯಲ್ಲಿ ಗಾಲ್ಫ್ ಕೋಲಿನ ಹಾಗೆ ಹಿಡಿದು, ಆರೋಪಿ ಹೀಗೆ ಬೀಸಿದ ಎಂದು ತೋರಿಸಿದಾಗ ಹಿಂದೆ ಕೂತಿದ್ದ ನಮ್ಮ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ನಾನು ನಗುವ ಹಾಗಿಲ್ಲ. ತುಟಿ ಕಚ್ಚಿ ಕಚ್ಚಿ ಆ ದಿನ ಸಂಜೆ ನೋವಿನ ಮುಲಾಮು ಹಚ್ಚಿದೆ.

ಮಂಜುನಾಥನ ಪರ ಮುಖ್ಯ ಸಾಕ್ಷಿ ನಾಗರತ್ನ ಆಂಟಿ. ಜಗಳ ಆಗುವಾಗ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದವರು ಅವರೊಬ್ಬರೇ. ಸಾಕ್ಷಿಕಟ್ಟೆಯ ಮೆಟ್ಟಿಲ ಹತ್ತಿರ ಬಂದವರು ಅಲ್ಲಿ ಗೀತೆಯ ಪುಸ್ತಕ ಇಟ್ಟದ್ದು ಕಂಡು ಚಪ್ಪಲಿ ಬಿಟ್ಟರು. ಬಿಟ್ಟ ಚಪ್ಪಲಿ ನಡುದಾರಿಯಲ್ಲಿ. ಜಡ್ಜ್ ನನ್ನ ಕಡೆ ನೋಡಿದರು. ನಾನು ಕರಿ ಕೋಟು ಹಾಕಿಕೊಂಡು, ಎಲ್ಲರೂ ನೋಡುತ್ತಿರುವಾಗ, ಎರಡು ಬೆರಳಲ್ಲಿ ಚಪ್ಪಲಿ ಎತ್ತಿ ಮೇಜಿನ ಕೆಳಗಿಟ್ಟೆ. ಸರ್ಕಾರಿ ವಕೀಲರು ಎದ್ದು, ನೀವು ಎಷ್ಟು ದೂರದಲ್ಲಿ ನಿಂತಿದ್ದಿರಿ ಎಂದು ಕೇಳಿದರು. “ಎಣ್ಣೆ ಹಾರಿದ್ರೆ ಸೀರೆ ಮೇಲೆ ಬೀಳೋ ಅಷ್ಟು ದೂರ. ಬಿತ್ತೂ ಕೂಡ. ಕಲೆ ಇನ್ನೂ ಹೋಗಿಲ್ಲ, ತೋರಿಸ್ಲಾ?” ಅಂದರು. ಸರ್ಕಾರಿ ವಕೀಲರಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಕೇಸು ಮಂಜುನಾಥನ ಕಡೆಗೆ ವಾಲಿದ್ದು ಆ ಬೆಳಿಗ್ಗೆ. ಅವನ ಗ್ರಹಚಾರ ತಿರುಗಿ ಬಂದದ್ದು ಅದೇ ಮಧ್ಯಾಹ್ನ.

ಮಂಜುನಾಥನ ತಾಯಿ ಪುಟ್ಟತಾಯಮ್ಮ ಮಗನ ಕೇಸಿಗೆಂದೇ ಊರಿಂದ ಬಂದಿದ್ದರು. ದಿನವೂ ಒಂದು ಸ್ಟೀಲ್ ಡಬ್ಬಿ. ಬಾಗಿಲ ಬಳಿಯ ಯಂತ್ರ ಕೂಗುತ್ತಿತ್ತು, ಕಾವಲಿನವರು ಮುಚ್ಚಳ ತೆಗೆಯುತ್ತಿದ್ದರು, ಆಕೆ ಅವರಿಗೇ ಒಂದೊಂದು ಕೊಡುಬಳೆ ಕೊಟ್ಟು ಒಳಗೆ ಬರುತ್ತಿದ್ದರು. ಒಮ್ಮೆ ಮುಚ್ಚಳ ನನ್ನ ಕಾಲ ಬಳಿ ಬಿತ್ತು, ನನ್ನ ಬಾಯಿಂದ “ಅಯ್ಯೋ ಮಾರಾಯ್ರೆ, ಮೆಲ್ಲ!” ಅಂತ ಬಂದುಬಿಟ್ಟಿತು. ಸಾಕಾಯಿತಲ್ಲ.

“ಏನವ್ವಾ, ನೀನು ನಮ್ ಕಡೆಯೋಳಾ! ತಗೋ, ತಿನ್ನು.”

“ಬೇಡಮ್ಮ. ನಾನು ಜ್ಯೂರಿ ಕಾಯುವವಳು. ನಿಮ್ಮತ್ರ ಮಾತಾಡಲಿಕ್ಕಿಲ್ಲ.”

“ಮಾತಾಡಬ್ಯಾಡ. ತಿನ್ನೋಕೆ ಮಾತ್ಯಾಕೆ?”

“ತಿನ್ನಲಿಕ್ಕೂ ಇಲ್ಲ.”

“ಉಪವಾಸವಾ?”

“ಅಲ್ಲ, ಕಾನೂನು.”

“ತಿನ್ಬ್ಯಾಡ ಅನ್ನೋ ಕಾನೂನು ಯಾವ ಸೀಮೇದವ್ವಾ!” ಎಂದು ಸೊಸೆಯ ಕಡೆ ತಿರುಗಿದರು. ನಾನು ಓಡಿದೆ. ಕೆಂಪಗೆ ಕರಿದ, ಎಳ್ಳು ಹಾಕಿದ ಕೊಡುಬಳೆ. ನಮ್ಮ ಕಡೆ ಅಷ್ಟು ಮಾಡುವುದಿಲ್ಲ, ಆದರೆ ಆ ವಾಸನೆ ಮೂಗಿನಿಂದ ಹೋಗಲಿಲ್ಲ.

ನಾಗರತ್ನ ಆಂಟಿ ಸಾಕ್ಷಿ ಹೇಳಿದ ಮಧ್ಯಾಹ್ನ ಊಟದ ಬಿಡುವಿಗೆಂದು ಹೊರಗೆ ಬಿಟ್ಟಿದ್ದ ಜ್ಯೂರಿಯವರು ಮರಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದೇನೆ. ಏಳನೆಯವನು ಬಂದ. ಎಡಗೈಯ ಬೆರಳಿಗೆ ಉಂಗುರದ ಹಾಗೆ ಅರ್ಧ ಕಡಿದ ಕೊಡುಬಳೆ!

ಆ ಬಾಗಿಲಲ್ಲಿ ಬೇರೆ ಆಫೀಸರ್ ಯಾರು ನಿಂತಿದ್ದರೂ ಅದೇನೋ ಅಂಗಡಿಯ ತಿಂಡಿ ಅಂದುಕೊಳ್ಳುತ್ತಿದ್ದರು. ಅದು ಯಾವ ಡಬ್ಬಿಯದು, ಯಾರ ಕೈಯದು ಅಂತ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಆರೋಪಿಯ ತಾಯಿ ಜ್ಯೂರರ್‌ಗೆ ತಿಂಡಿ ಕೊಡುವುದು ಎಂದರೆ ಸಣ್ಣ ಮಾತಲ್ಲ. ಲಂಚ ಅನ್ನಬಹುದು, ಪ್ರಭಾವ ಬೀರುವುದು ಅನ್ನಬಹುದು. ಹೇಳಿದರೆ ಇಡೀ ಜ್ಯೂರಿ ಮನೆಗೆ ಹೋಗಬಹುದು. ನಾಗರತ್ನ ಆಂಟಿ ಅಷ್ಟು ಚೆನ್ನಾಗಿ ಹೇಳಿದ ಸಾಕ್ಷಿ ನೀರುಪಾಲು. ಹೇಳದಿದ್ದರೆ? ಇನ್ನೊಂದು ಕಡಿತ, ಕೊಡುಬಳೆ ಹೊಟ್ಟೆಯೊಳಗೆ, ಕತೆ ಮುಗಿಯಿತು. ಮಂಜುನಾಥನ ಮಗಳ ಮುಖ ಕಣ್ಣೆದುರು ಬಂತು. ಆ ಗ್ರೀಕ್ ಅಜ್ಜಿಯ ಮುಖವೂ ಬಂತು. ಇವತ್ತಲ್ಲ ನಾಳೆ ಆ ಮೀಸೆಯವನು ಯಾರ ಹತ್ತಿರವಾದರೂ ಬಾಯಿ ಬಿಡುತ್ತಾನೆ, ಆಗ ಎಲ್ಲವೂ ಹೋಗುತ್ತದೆ. ಅವನ ಬೆರಳಿನಿಂದ ಕೊಡುಬಳೆ ಬಿಡಿಸಿ, ಕಾಗದದ ಕರವಸ್ತ್ರದಲ್ಲಿಟ್ಟು, ಜಡ್ಜ್‌ಗೆ ಸುದ್ದಿ ಕಳಿಸಿದೆ.

ಜ್ಯೂರಿಯನ್ನು ಕೋಣೆಯಲ್ಲೇ ಬಿಟ್ಟು ಕೋರ್ಟು ಕೂತಿತು. ಮೇಜಿನ ಮೇಲೆ ಅರ್ಧ ಕೊಡುಬಳೆ.

“ಇದೇನು?” ಎಂದರು ಜಡ್ಜ್.

“ಒಂದು ಜಾತಿಯ ಬಿಸ್ಕತ್ತು ಇರಬಹುದು, ಯುವರ್ ಆನರ್” ಎಂದರು ಸರ್ಕಾರಿ ವಕೀಲರು.

ನನಗೆ ತಡೆಯಲಿಲ್ಲ. “ಬಿಸ್ಕತ್ತಲ್ಲ, ಯುವರ್ ಆನರ್. ಅಕ್ಕಿಹಿಟ್ಟು, ತೆಂಗಿನಕಾಯಿ, ಖಾರದ ಪುಡಿ. ಎಣ್ಣೆಯಲ್ಲಿ ಕರಿದದ್ದು.”

ಮೊದಲು ಏಳನೆಯವನನ್ನು ಒಬ್ಬನನ್ನೇ ಕರೆಸಿದರು. ಕೋರ್ಟಿನ ಎದುರಿನ ಪಾರ್ಕಿನ ಬೆಂಚಿನಲ್ಲಿ ಕೂತಿದ್ದೆ, ಒಬ್ಬ ಅಜ್ಜಿ ಬಂದು ಕೈಗೆ ಕೊಟ್ಟಳು, ಯಾರಿರಬಹುದು ಅಂತ ಗೊತ್ತಾಗಲಿಲ್ಲ, ತಿಂದೆ ಎಂದ. ಬೇರೆ ಜ್ಯೂರರ್‌ಗಳಿಗೆ ಕೊಟ್ಟಿಲ್ಲ, ಏನೂ ಹೇಳಿಲ್ಲ. ಇದರಿಂದ ಆರೋಪಿಯ ಮೇಲೆ ಮಮತೆ ಏನಾದರೂ ಬಂದಿದೆಯೇ ಎಂದು ಜಡ್ಜ್ ಕೇಳಿದರು.

“ಮಮತೆಯೇ? ಯುವರ್ ಆನರ್, ನನ್ನ ಹಲ್ಲಿನ ಸಿಮೆಂಟ್ ಹಾರಿಹೋಯಿತು. ಏನಾದರೂ ಇದ್ದರೆ ನಾನು ಅವನ ವಿರುದ್ಧವೇ ಇದ್ದೇನೆ.”

ಈಗ ಗಾಬರಿಯಾಗುವ ಸರದಿ ಮಂಜುನಾಥನ ವಕೀಲರದು.

ಆಮೇಲೆ ಪುಟ್ಟತಾಯಮ್ಮನನ್ನು ಕರೆಸಿದರು. ಕನ್ನಡ ದುಭಾಷಿ ಹೆಂಗಸು ಮೆಲ್ಬರ್ನಿನಿಂದ ಫೋನಿನಲ್ಲಿ. ಜ್ಯೂರಿಯವರ ಜೊತೆ ಮಾತಾಡಬಾರದು ಅಂತ ಯಾರೂ ನಿಮಗೆ ಹೇಳಿರಲಿಲ್ಲವೇ ಎಂದು ಜಡ್ಜ್ ಕೇಳಿದರು.

“ಹೇಳಿದ್ರು ತಾಯಿ. ನಾನು ಮಾತೇ ಆಡಿಲ್ಲ. ಕೈಲಿ ಕೊಟ್ಟೆ ಅಷ್ಟೇಯ.”

“ಯಾಕೆ ಕೊಟ್ಟಿರಿ?”

“ನನ್ನ ಮಗನ ಕೆಲಸಕ್ಕೆ ಅಂತ ಬಂದು ಬೆಳಗಿಂದ ಕೂತವ್ರೆ, ಪಾಪ. ಹಸ್ಕೊಂಡು ಹೋಗಬಾರ್ದು ನೋಡಿ. ಉಳಿದವ್ರನ್ನೂ ಹುಡುಕ್ದೆ, ಸಿಗಲಿಲ್ಲ.”

“ಬೇರೆ ಯಾರಿಗೆ ಕೊಟ್ಟಿದ್ದೀರಿ?”

ಪುಟ್ಟತಾಯಮ್ಮ ಕೋರ್ಟಿನ ಸುತ್ತ ಒಮ್ಮೆ ಕಣ್ಣಾಡಿಸಿ ಬೆರಳು ಮಾಡತೊಡಗಿದರು. ಬಾಗಿಲ ಕಾವಲಿನವರು. ಕೇಸು ಹಾಕಿದ ಪೊಲೀಸಿನವನು. ಮಗನ ವಕೀಲರು. ಸರ್ಕಾರಿ ವಕೀಲರ ಪಕ್ಕದ ಹುಡುಗಿ. ಆ ಹುಡುಗಿ ಎದ್ದು ನಿಂತು, “ಹೌದು ಯುವರ್ ಆನರ್, ನಿನ್ನೆ, ಎರಡು” ಎಂದಳು. ಬೆರಳು ಮುಂದೆ ಹೋಗಿ ಜಡ್ಜ್ ಮುಂದೆಯೇ ಕೂತಿದ್ದ ಅವರ ಸಹಾಯಕನ ಮೇಲೆ ನಿಂತಿತು. ಅವನ ಕಿವಿ ಕೊಡುಬಳೆಗಿಂತ ಕೆಂಪಾಯಿತು. ಜಡ್ಜ್ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಆಫೀಸರ್, ನೀವೂ?”

“ಇಲ್ಲ, ಯುವರ್ ಆನರ್.” ಇಡೀ ಕೋರ್ಟಿನಲ್ಲಿ ತಿನ್ನದೆ ಉಳಿದವಳು, ಆ ತಿಂಡಿಯ ಹೆಸರು ಗೊತ್ತಿದ್ದ ನಾನೊಬ್ಬಳೇ.

ಪುಟ್ಟತಾಯಮ್ಮನ ಬೆರಳು ಇನ್ನೂ ಮುಗಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಸೋಮಶೇಖರ್ ಕೂತಿದ್ದರು. “ಅವನ್ಗೂ ಕೊಟ್ಟೆ.”

ಫೋನಿನಲ್ಲಿ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಜಡ್ಜ್ ಮುಂದಕ್ಕೆ ಬಾಗಿದರು. “ನಿಮ್ಮ ಮಗನ ಮೇಲೆ ದೂರು ಕೊಟ್ಟವರಿಗೆ?”

“ಎಲ್ರಿಗೂ ಕೊಟ್ಟು ಅವನೊಬ್ಬನ್ನ ಬಿಡಕ್ಕಾಯ್ತದಾ ತಾಯಿ? ಕೂತಿರೋ ಪಂಕ್ತೀಲಿ ಒಬ್ಬರನ್ನ ಬಿಟ್ಟು ಬಡಿಸೋದು ನಮ್ಮನೇಲಿಲ್ಲ.”

ಸೋಮಶೇಖರ್ ತಲೆ ಎತ್ತಲಿಲ್ಲ.

ಸರ್ಕಾರಿ ವಕೀಲರು ಇಡೀ ಜ್ಯೂರಿಯನ್ನು ಕಳಿಸಬೇಕು ಎಂದರು. ಜಡ್ಜ್ ಒಳಗೆ ಹೋದರು. ಹೊರಗೆ ಬರುವವರೆಗೆ ನನ್ನ ಬಾಯಲ್ಲಿ ಕೊಂಕಣಿಯಲ್ಲಿ ಜಪಮಾಲೆ ನಡೆದೇ ಇತ್ತು. ವಿಷಯ ಬೇಗ ತಿಳಿದದ್ದರಿಂದ ಉಳಿದವರಿಗೆ ಇದರ ಗಾಳಿ ತಾಗಿಲ್ಲ, ಏಳನೆಯವನನ್ನು ಮಾತ್ರ ಬಿಟ್ಟು ಹನ್ನೊಂದು ಜನರ ಜೊತೆ ವಿಚಾರಣೆ ಮುಂದುವರಿಯಲಿ ಎಂದು ಆದೇಶವಾಯಿತು. ಕಾನೂನಿನಲ್ಲಿ ಅದಕ್ಕೆ ದಾರಿಯಿದೆ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಎರಡನೇ ಆದೇಶ ಬಂತು. ವಿಚಾರಣೆ ಮುಗಿಯುವವರೆಗೆ ಪುಟ್ಟತಾಯಮ್ಮ ಕಟ್ಟಡದೊಳಗೆ ಬರುವಂತಿಲ್ಲ.

ದುಭಾಷಿ ಹೇಳಿದ್ದು ಕೇಳಿ ಆಕೆ ಮೊದಲು ಕಟಕಟೆಯಲ್ಲಿದ್ದ ಮಗನನ್ನು ನೋಡಿದರು. ಆಮೇಲೆ ನನ್ನನ್ನು. “ಹೇಳಿದ್ದು ನೀನಾ?” ಎಂದರು. ದುಭಾಷಿ ಅದನ್ನೂ ಇಂಗ್ಲಿಷಿಗೆ ತಂದಳು. ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ. ಸರಿಯಾದ ಕೆಲಸ ಮಾಡಿದರೂ ಅಳು ಬರುತ್ತದೆ ಶರಲ್, ಅದನ್ನು ಯಾವ ಟ್ರೈನಿಂಗಲ್ಲೂ ಹೇಳುವುದಿಲ್ಲ.

ಮುಂದಿನ ದಿನಗಳಲ್ಲಿ ಪುಟ್ಟತಾಯಮ್ಮ ರಸ್ತೆಯಾಚೆ ಬೆಂಚಿನ ಮೇಲೆ, ಸೊಸೆಯ ಜಾಕೆಟ್ ಹೊದ್ದು, ಡಬ್ಬಿಯನ್ನು ತೊಡೆಯ ಮೇಲಿಟ್ಟು ಬೆಳಗಿನಿಂದ ಸಂಜೆವರೆಗೆ ಕೂತಿರುತ್ತಿದ್ದರು. ನಾನು ಬಸ್ಸಿಳಿದು ಬರುವಾಗ ಆಕೆಯ ಮುಖ ಆಚೆ ತಿರುಗುತ್ತಿತ್ತು. ಒಳಗೆ ಮಂಜುನಾಥ ಒಮ್ಮೊಮ್ಮೆ ಹಿಂದಿನ ಬೆಂಚಿನ ಖಾಲಿ ಜಾಗ ನೋಡುತ್ತಿದ್ದ.

ವಕೀಲರ ಕೊನೆಯ ಮಾತು, ಜಡ್ಜ್ ವಿವರಣೆ ಎಲ್ಲ ಮುಗಿದು ಹನ್ನೊಂದು ಜನ ಕೋಣೆ ಸೇರಿದರು. ಬಾಗಿಲ ಹೊರಗೆ ನಾನು. ಒಳಗೆ ಕೂಗಾಟ, ನಗು, ಮತ್ತೆ ಕೂಗಾಟ. ಸೌಟು ಕೇಳಿದರು, ಕೊಟ್ಟೆ. ಬಾಣಲೆಯೂ ಸಿಗುತ್ತದೆಯೇ ಎಂದು ಚೀಟಿ ಕಳಿಸಿದರು, ಜಡ್ಜ್ ಇಲ್ಲ ಎಂದರು. ಸ್ಯಾಂಡ್‌ವಿಚ್ ಒಣಗಿದೆ ಎಂದು ದೂರು ಬಂತು. ಎರಡನೇ ದಿನ ಒಳಗಿನಿಂದ ಬಾಗಿಲು ತಟ್ಟಿದ ಸದ್ದು. ತೀರ್ಪು ಸಿದ್ಧ ಎಂದರು, ಹನ್ನೊಂದೂ ಜನರನ್ನು ಕೋರ್ಟಿಗೆ ಕರೆತಂದೆ.

ಜ್ಯೂರಿಯ ಪರವಾಗಿ ಒಬ್ಬ ಶಾಲೆಯ ನರ್ಸ್ ಎದ್ದು ನಿಂತಳು. ನಾಟ್ ಗಿಲ್ಟಿ ಎಂದಳು.

ಮಂಜುನಾಥ ಕಟಕಟೆಯ ಕಂಬಿ ಹಿಡಿದುಕೊಂಡ. “ಥ್ಯಾಂಕ್ಸ್” ಎಂದ. ಅಲ್ಲಿಗೆ ನಿಲ್ಲಿಸುತ್ತಾನೋ ಎಂದರೆ, “ಸಾರಿ” ಎಂದ. ಜಡ್ಜ್ ಈ ಸಲ ನಕ್ಕೇಬಿಟ್ಟರು.

ನನ್ನ ಹನ್ನೊಂದು ಜನರನ್ನು ಕಳಿಸಿ ಹೊರಗೆ ಬಂದಾಗ ರಸ್ತೆಯಾಚೆ ಗುಂಪು ಕೂಡಿತ್ತು. ಮಗನನ್ನು ಅಪ್ಪಿ, ಅತ್ತು, ಮೂಗು ಒರೆಸಿಕೊಂಡು ಪುಟ್ಟತಾಯಮ್ಮ ಡಬ್ಬಿ ತೆರೆದಿದ್ದರು. ತೀರ್ಪು ಕೇಳಲೆಂದು ಬಂದಿದ್ದ ಬಿಳಿ ಮೀಸೆಯ ಏಳನೆಯವನೂ ಸಾಲಿನಲ್ಲಿದ್ದ, ಈಗ ಅವನನ್ನು ತಡೆಯುವ ಕಾನೂನಿಲ್ಲ. ಎರಡೂ ಕಡೆಯ ವಕೀಲರು, ಪೊಲೀಸಿನವನು, ಎಲ್ಲರ ಕೈಗೂ ಒಂದೊಂದು ಬಿತ್ತು. ಸೋಮಶೇಖರ್ ದೂರದಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದರು. ಆಕೆ ಅಲ್ಲಿಗೂ ಹೋಗಿ ಕೊಟ್ಟರು. ಅವರು ಇಸ್ಕೊಂಡರು.

ನನ್ನ ಕೆಲಸ ಮುಗಿದಿತ್ತು. ನಾನೂ ಹೋಗಿ ನಿಂತೆ, ಸುಳ್ಳು ಯಾಕೆ ಹೇಳಲಿ, ಕೈಯನ್ನೂ ಚಾಚಿದೆ. ಪುಟ್ಟತಾಯಮ್ಮ ನನ್ನ ಮುಂದೆ ಬಂದು ನಿಂತರು. ನನ್ನ ಕೈ ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು.

“ನಿನಗೆ ಬ್ಯಾಡ ಕಣವ್ವ. ನೀನು ಹೋಗಿ ಹೇಳಿಬಿಡ್ತೀಯ.”

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಶತ್ರುವಿಗೂ ಬಡಿಸಿದ ಪಂಕ್ತಿಯಲ್ಲಿ ನನ್ನೊಬ್ಬಳನ್ನು ಬಿಟ್ಟರಲ್ಲ ಅಂತ ಬಸ್ಸಿನಲ್ಲಿ ಕಣ್ಣು ತುಂಬಿತು. ಆಮೇಲೆ ಎಷ್ಟೋ ಕೇಸು ಬಂದವು, ಹೋದವು. ಕೊಲೆ, ದರೋಡೆ, ಮೋಸ ಎಲ್ಲ ಮರೆತೆ, ಆ ಮುಚ್ಚಳದ ಸದ್ದು ಮರೆಯಲಿಲ್ಲ.

ನಿವೃತ್ತಿಯಾದ ಮೇಲೆ ಮೊನ್ನೆ ಗಂಡನನ್ನು ಎಳೆದುಕೊಂಡು ಹ್ಯಾರಿಸ್ ಪಾರ್ಕಿಗೆ ಹೋದೆ, ಮಂಜುನಾಥನ ಹೋಟೆಲಿಗೆ. ಅವನು ನನ್ನನ್ನು ಕಂಡವನೇ ಅಭ್ಯಾಸಬಲದಿಂದ ಎದ್ದು ನಿಂತ. ಒಳಗಿನಿಂದ ಕೈ ಒರೆಸುತ್ತಾ ಪುಟ್ಟತಾಯಮ್ಮ ಬಂದರು. ಮತ್ತೆ ಊರಿಂದ ಬಂದಿದ್ದರು, ಸ್ವಲ್ಪ ಬಗ್ಗಿದ್ದರು. ನನ್ನನ್ನು ನೋಡಿದರು, ಮೈಮೇಲೆ ಕರಿ ಕೋಟು ಇಲ್ಲದ್ದನ್ನು ನೋಡಿದರು.

“ಕೆಲಸ ಬಿಟ್ಯಾ?”

“ಬಿಟ್ಟೆನಮ್ಮ. ರಿಟೈರ್ ಆಯಿತು.”

“ಇನ್ನು ಹೋಗಿ ಹೇಳಕ್ಕೆ ಯಾರೂ ಇಲ್ವಾ?”

“ಯಾರೂ ಇಲ್ಲ.”

ಒಳಗೆ ಹೋದರು. ಅದೇ ಸ್ಟೀಲ್ ಡಬ್ಬಿ ತಂದು ನನ್ನ ಎದುರು ಮುಚ್ಚಳ ತೆಗೆದಿಟ್ಟರು. “ಅವತ್ತು ನೀನು ಹೇಳ್ದೇ ಇದ್ದಿದ್ರೆ ಎಲ್ಲ ಮೊದಲಿಂದ ಆಗ್ತಿತ್ತಂತೆ. ವಕೀಲ್ರು ಆಮೇಲೆ ಹೇಳಿದ್ರು. ಆದ್ರೂ ಸಿಟ್ಟಿತ್ತು. ತಿನ್ನವ್ವ.”

ನಾನು ಮಾತಾಡಲಿಲ್ಲ. ತಿನ್ನಲಿಕ್ಕೆ ಮಾತ್ಯಾಕೆ. ಒಂದು ಎತ್ತಿ ಕಡಿದೆ. ಕಟ್ ಎಂದಿತು. ಕೊಡುಬಳೆಯಲ್ಲ, ನನ್ನ ಬಲಗಡೆಯ ದವಡೆ ಹಲ್ಲು. ಏಳನೆಯವನು ಪ್ರಮಾಣ ಮಾಡಿ ಹೇಳಿದ್ದು ನೂರಕ್ಕೆ ನೂರು ಸತ್ಯ. ಆಕೆ ಎದುರಿಗೆ ನಿಂತು ನೋಡುತ್ತಿದ್ದರು. ನಾನು ಹಲ್ಲಿನ ಚೂರನ್ನು ನಾಲಿಗೆಯಡಿ ಇಟ್ಟುಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿ, ಇನ್ನೊಂದು ತೆಗೆದುಕೊಂಡೆ.

ಮರುದಿನ ದಂತವೈದ್ಯೆ ಬಾಯಿಯೊಳಗೆ ದೀಪ ಬಿಟ್ಟು, ಅಂಥದ್ದೇನು ಕಡಿದಿರಿ ಎಂದು ಕೇಳಿದಳು.

ನಾನು ಹೇಳಲಿಲ್ಲ.